ಮೂಳೆ ಕಾವಲಿನ ಹಸಿರು ದೀಪ

ನನ್ನ ಚಿಗವ್ವ ಫಕೀರವ್ವನ ಬೆನ್ನುಮೂಳೆ ಮುರಿದದ್ದು ಒಂದು ಸೀನಿನಿಂದ. ಅವಳು ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಎಂದಿನಂತೆ ನೆಲದ ಮೇಲೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಘಾಟು ಮೂಗಿಗೆ ಅಡರಿತು, ಸೀನಿದಳು, ಬೆನ್ನಿನೊಳಗೆ ಏನೋ ಲಟಕ್ಕೆಂದಿತು. ಆಮೇಲೆ ಅವಳನ್ನು ಗೋಣಿತಟ್ಟಿನ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತು ಆಸ್ಪತ್ರೆಗೆ ತಂದರು.

ಆ ಹೊತ್ತಿಗೆ, ಬೆಳಗಿನ ಹನ್ನೊಂದೂವರೆಗೆ, ನಾನು ಹುಬ್ಬಳ್ಳಿಯ ಮೂಳೆ ಕಾವಲು ಕೇಂದ್ರದ ತಣ್ಣನೆಯ ಕೊಠಡಿಯಲ್ಲಿ ಕೂತು ಅದೇ ಫಕೀರವ್ವನ ಮೂಳೆಯ ಅಳತೆಯ ಗೆರೆಯನ್ನು ಪರದೆಯ ಮೇಲೆ ನೋಡುತ್ತಿದ್ದೆ. ಹಸಿರು ಗೆರೆ ಮೇಲಕ್ಕೆ ಏರುತ್ತಿತ್ತು. ಪಕ್ಕದಲ್ಲಿ, ಅಳತೆ ನೋಡಿ ತೀರ್ಮಾನಿಸುವ ಯಂತ್ರ ಬರೆದಿತ್ತು: “ವಯಸ್ಸು 64. ಮೂಳೆ ಬೆಳವಣಿಗೆ ಅತ್ಯುತ್ತಮ. ಚಿಕಿತ್ಸೆ ಅಗತ್ಯವಿಲ್ಲ.” ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಅದನ್ನು ನುಂಗಿಕೊಂಡು ಹೇಳುವಷ್ಟು ದೊಡ್ಡತನ ನನ್ನಲ್ಲಿಲ್ಲ.

ಮೊದಲು ಕಾಲ್ಪಟ್ಟಿಯ ವಿಷಯ ಹೇಳಬೇಕು. ವಯಸ್ಸಾದ ಹೆಂಗಸರ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ನೋವಿಲ್ಲ, ಸದ್ದಿಲ್ಲ, ಮುರಿದ ಮೇಲಷ್ಟೇ ಗೊತ್ತಾಗುತ್ತದೆ. ಇದಕ್ಕೊಂದು ಹೊಸ ಮದ್ದು ಬಂದಿತ್ತು, ಅಂಕುರ ಅಂತ ಹೆಸರು. ತಿಂಗಳಿಗೊಂದರಂತೆ ಹನ್ನೆರಡು ಚುಚ್ಚುಮದ್ದು ಹಾಕಿದರೆ ಟೊಳ್ಳಾದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಆದರೆ ಮದ್ದು ತಯಾರಾಗುತ್ತಿದ್ದುದು ಕಡಿಮೆ, ಬೇಕಾದವರು ಲಕ್ಷಗಟ್ಟಲೆ. ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ನಮ್ಮ ಕೇಂದ್ರ ಮೊಣಕಾಲ ಕೆಳಗೆ ಕಟ್ಟಿಕೊಳ್ಳುವ ರಬ್ಬರಿನ ಪಟ್ಟಿಯೊಂದನ್ನು ಮಾಡಿತು. ಅದು ಗಂಟೆಗೊಮ್ಮೆ ಕಿವಿಗೆ ಕೇಳಿಸದಂಥ ಸದ್ದನ್ನು ಮೂಳೆಯೊಳಗೆ ಕಳಿಸುತ್ತದೆ. ಗಟ್ಟಿ ಮೂಳೆಯಲ್ಲಿ ಸದ್ದು ಬೇಗ ದಾಟುತ್ತದೆ, ಟೊಳ್ಳಾದದ್ದರಲ್ಲಿ ನಿಧಾನ. ಜೊತೆಗೆ ಮೈಯಲ್ಲಿ ಹೊಸ ಮೂಳೆ ಎಷ್ಟು ಕಟ್ಟುತ್ತಿದೆ ಎಂಬುದನ್ನು ಬೆವರಿನಿಂದ ಅಳೆಯುತ್ತದೆ. ಪಟ್ಟಿ ಮೈಗೆ ತಾಗಿರುವವರೆಗೆ ಅದರಲ್ಲಿ ಹಸಿರು ದೀಪ, ಬಿಚ್ಚಿದರೆ ಕೆಂಪು. ತಿಂಗಳಲ್ಲಿ ಮೂರು ದಿನ ಕೆಂಪಾದರೆ ಹೆಸರು ರದ್ದು. ಮೊದಲ ತಿಂಗಳ ಅಳತೆ ಲೆಕ್ಕಕ್ಕಿಲ್ಲ, ಅದು ಪಟ್ಟಿ ಮೈಗೆ ಹೊಂದಿಕೊಳ್ಳಲು.

ನಾನು ಏಳು ವರ್ಷದವಳಿದ್ದಾಗ ನನ್ನವ್ವ ತೀರಿಕೊಂಡಳು. ಅವ್ವನ ತಂಗಿ ಫಕೀರವ್ವನೇ ನನ್ನನ್ನು ಸಾಕಿದಳು, ಮೆಣಸಿನಕಾಯಿ ತೊಟ್ಟು ಬಿಡಿಸಿಯೇ ಎಂ.ಎಸ್ಸಿ.ವರೆಗೆ ಓದಿಸಿದಳು. ಬೆಳಗಿನಿಂದ ಸಂಜೆವರೆಗೆ ತಗಡಿನ ಶೆಡ್ಡಿನೊಳಗೆ ಬೆನ್ನು ಬಗ್ಗಿಸಿ ಕೂರುವ ಕೆಲಸ. ಬಿಸಿಲೆಂದರೆ ಹೋಗುವಾಗ, ಬರುವಾಗ ಕಂಡದ್ದಷ್ಟೇ. ಅಂಥವರ ಮೂಳೆ ಟೊಳ್ಳಾಗದೆ ಮತ್ಯಾರದು ಆಗುತ್ತದೆ? ಅದಕ್ಕೇ ಕೇಂದ್ರದಲ್ಲಿ ಹಟ ಹಿಡಿದು ಆ ಗೋದಾಮಿನ ತೊಂಬತ್ತು ಹೆಂಗಸರ ಹೆಸರು ಬರೆಸಿದೆ. ಚಿಗವ್ವನ ಕಾಲಿಗೆ ನಾನೇ ಪಟ್ಟಿ ಕಟ್ಟಿದೆ.

“ಈ ಹಸರು ದೀಪ ಆರಬಾರದು, ಚಿಗವ್ವಾ. ಯಾವಾಗಲೂ ಮೈಗೆ ಹತ್ತಿಕೊಂಡೇ ಇರಬೇಕು. ಕೆಂಪಾತಂದ್ರ ಹೆಸರು ಹೊಡದು ಹಾಕ್ತಾರ,” ಎಂದು ಹೇಳಿದೆ.

“ಆತಳವಾ, ಆರಗೊಡಂಗಿಲ್ಲ,” ಎಂದಳು. ಆಡಿದ ಮಾತಿಗೆ ತಪ್ಪುವವಳಲ್ಲ ಅವಳು. ಹದಿನಾಲ್ಕು ತಿಂಗಳು ಆ ದೀಪ ಒಂದು ದಿನವೂ ಆರಲಿಲ್ಲ.

ಸುದ್ದಿ ತಿಳಿದು ನಾನು ಬ್ಯಾಡಗಿಯ ಆಸ್ಪತ್ರೆ ಮುಟ್ಟಿದಾಗ ಡಾಕ್ಟರ್ ರೇಷ್ಮಾ ಸವಣೂರ ಎಕ್ಸ್‌ರೇ ಹಿಡಿದು ನಿಂತಿದ್ದರು. ಹದಿನೈದು ವರ್ಷದಿಂದ ಅದೇ ಆಸ್ಪತ್ರೆಯಲ್ಲಿ ಇದ್ದವರು, ಊರಿನ ಎಲ್ಲರ ಮೈಯೂ ಅವರಿಗೆ ಗೊತ್ತು.

“ಎರಡು ಮೂಳಿ ಕುಸದಾವು,” ಎಂದರು. “ಒಂದು ಇವತ್ತಿಂದು, ಇನ್ನೊಂದು ಹಳೇದು. ಹಳೇದು ಯಾವಾಗ ಕುಸೀತು ಅನ್ನೂದು ಇವರಿಗೇ ಗೊತ್ತಿಲ್ಲ. ಸೊಂಟ ಹಿಡದತಿ ಅನಕೊಂಡು ಮುಲಾಮು ಹಚ್ಚಿಕೊಂಡು ಕೆಲಸಕ್ಕ ಹೋಗ್ಯಾರ.”

ನಾನು ಮೊಬೈಲ್ ತೆಗೆದು ಹಸಿರು ಗೆರೆ ತೋರಿಸಿದೆ. ಅವರು ಅದನ್ನು ಎಕ್ಸ್‌ರೇ ಪಕ್ಕ ಹಿಡಿದು ನೋಡಿದರು.

“ಇದು ಯಾರದು?”

“ಇವರದೇ, ಡಾಕ್ಟರ.”

“ಇದು ಇವರದಲ್ಲ, ಮಾದೇವಿ. ಇಷ್ಟು ಜೋರ ಮೂಳಿ ಕಟ್ಟೂದು ಬೆಳಿಯೂ ಮಕ್ಕಳ ಮೈಯಾಗ ಮಾತ್ರ.”

ಹೋಗಿ ಚಿಗವ್ವನ ಕಾಲ ಮೇಲಿನ ಸೀರೆ ಸರಿಸಿ ನೋಡಿದೆ. ಪಟ್ಟಿ ಇರಲಿಲ್ಲ. ಅದು ಇರಬೇಕಾದಲ್ಲಿ ಸುತ್ತಲೂ ಸುಟ್ಟು ಮಾಗಿದ ಕಪ್ಪು ಕಲೆ ಇತ್ತು.

ಚಿಗವ್ವನ ಬಟ್ಟೆಬರೆ ತರಲು ಮನೆಗೆ ಹೋದೆ. ಅವಳ ಸೊಸೆ ಶಶಿಕಲಾ ಅಳುತ್ತಾ ಗಂಟು ಕಟ್ಟುತ್ತಿದ್ದಳು. ಎರಡು ವರ್ಷ ದಾಟಿದ ಮೊಮ್ಮಗಳು ಕುಸುಮಿ ಅಂಗಳದಲ್ಲಿ ಕೋಳಿ ಹಿಂದೆ ಓಡುತ್ತಿದ್ದಳು. ಓಡುವಾಗ ಲಂಗ ಹಾರಿತು. ಅವಳ ಪುಟ್ಟ ತೊಡೆಗೆ ಬಿಗಿದಿದ್ದ ಪಟ್ಟಿಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ನಾನು ಓಡಿಹೋಗಿ ಅವಳನ್ನು ಹಿಡಿದು ನಿಲ್ಲಿಸಿದೆ.

“ಇದು ಯಾವಾಗಿಂದ?” ಎಂದು ಕೇಳಿದೆ.

“ಎರಡನೇ ತಿಂಗಳಿಂದ, ಅಕ್ಕಾ,” ಎಂದಳು ಶಶಿಕಲಾ. “ಅತ್ತಿಯವರ ಕಾಲು ಖಾರ ಹೊಕ್ಕು ಸುಟ್ಟು ನೀರಗುಳ್ಳಿ ಎದ್ದಿದ್ದುವು. ಅವರನ್ನ ನೋಡಿ ಗೋದಾಮಿನಾಗ ಮನ್ಯಾಗ ಕೂಸು ಇದ್ದವರೆಲ್ಲ ಹಂಗ ಮಾಡಿದ್ರು. ಕೂಸು ಇಲ್ಲದವರು ಪಟ್ಟಿ ಬಿಚ್ಚಿ ಒಗದ್ರು.”

ಮರುದಿನ ಚಿಗವ್ವನಿಗೆ ನೋವು ಸ್ವಲ್ಪ ಇಳಿದ ಮೇಲೆ ಕೇಳಿದೆ. ಅವಳು ಅಂಗಾತ ಮಲಗಿಯೇ ಉತ್ತರ ಕೊಟ್ಟಳು.

“ಮೈಗೆ ಹತ್ತಿಕೊಂಡಿರಬೇಕು ಅಂದಿದ್ದಿ. ಯಾರ ಮೈ ಅಂತ ನೀ ಹೇಳಿರಲಿಲ್ಲ. ಮೂಳಿ ಕಾಯೂ ಪಟ್ಟಿ ಅಂತ ಅದರ ಡಬ್ಬಿ ಮ್ಯಾಲೇ ಬರದಿತ್ತಂತ, ಶಶಿಕಲಾ ಓದಿ ಹೇಳಿದಳು. ನನ್ನ ಹಳೇ ಮೂಳಿ ಕಾದು ಏನು ಮಾಡೂದೈತಿ, ಕೂಸಿನ ಮೂಳಿ ಕಾಯಲಿ ಅಂತ ಉಡದಾರದ ಜೋಡಿ ಅದನ್ನೂ ಕಟ್ಟಿದೆ.”

“ಅದು ಕಾಯೂದಿಲ್ಲ ಚಿಗವ್ವಾ, ಬರೇ ನೋಡತೈತಿ.”

“ಬರೇ ನೋಡಾಕ ಇಷ್ಟು ಸುಡಬೇಕೇನು?” ಎಂದಳು.

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದೆ, ಆಗಲಿಲ್ಲ. ತಪ್ಪು ಅವಳದಲ್ಲ. ಮೆಣಸಿನಕಾಯಿ ಗೋದಾಮಿನಲ್ಲಿ ರಬ್ಬರಿನ ಪಟ್ಟಿ ಕಟ್ಟಿದರೆ ಒಳಗೆ ಖಾರ ಸೇರಿ ಬೆವರಲ್ಲಿ ಕುದಿಯುತ್ತದೆ ಎಂಬುದನ್ನು ತಿಳಿಯಲು ವಿಜ್ಞಾನಿ ಆಗಬೇಕಿಲ್ಲ. ಆ ಊರಲ್ಲಿ ಹುಟ್ಟಿದರೆ ಸಾಕು. ನಾನು ಆ ಊರಲ್ಲೇ ಹುಟ್ಟಿದವಳು, ಆದರೂ ನನಗೆ ಹೊಳೆಯಲಿಲ್ಲ. ಒಂದು ವರ್ಷದ ಹಿಂದೆ ಯಂತ್ರ ನನ್ನ ಪರದೆಯ ಮೇಲೆ ಒಂದು ಪ್ರಶ್ನೆ ಕೇಳಿತ್ತು: “ಕಾಲಿನ ಗಾತ್ರ ಬದಲಾಗಿದೆ. ಪಟ್ಟಿಯನ್ನು ಸರಿಹೊಂದಿಸಿಕೊಳ್ಳಲೇ?” ಮೂವತ್ತೇಳು ಹೆಂಗಸರ ವಿಷಯದಲ್ಲಿ ಮೂವತ್ತೇಳು ಸಲ ಕೇಳಿತ್ತು. ನಾನು ಚಹಾ ಕುಡಿಯುತ್ತಾ ಮೂವತ್ತೇಳು ಸಲ ‘ಹೌದು’ ಒತ್ತಿದ್ದೆ.

ಇನ್ನೂ ಒಂದಿದೆ. ಹಿಂದಿನ ದೀಪಾವಳಿಗೆ ಮನೆಗೆ ಹೋದಾಗ ಚಿಗವ್ವ ಗೋಡೆಯಲ್ಲಿ ಕೊರೆದ ಮಾಡದಲ್ಲಿ ದೀಪ ಹಚ್ಚಲು ಮಣೆ ಹಾಕಿಕೊಂಡು ಹತ್ತಿದ್ದಳು. ನಾನು ಸಣ್ಣವಳಿದ್ದಾಗ ಅವಳು ನೆಲದ ಮೇಲೆ ನಿಂತೇ ಹಚ್ಚುತ್ತಿದ್ದಳು, ಮಾಡ ಅವಳ ನೆತ್ತಿಯ ನೇರಕ್ಕಿತ್ತು. “ಯಾಕ ಚಿಗವ್ವಾ, ಮಣಿ ಬೇಕೇನು ನಿನಗ?” ಎಂದು ನಕ್ಕಿದ್ದೆ. “ಮಾಡ ಮ್ಯಾಲ ಹೋಗೇತಿ ನೋಡು,” ಎಂದು ಅವಳೂ ನಕ್ಕಿದ್ದಳು. ಬೆನ್ನಿನ ಮೂಳೆ ಕುಸಿದು ಹೆಂಗಸು ಮೂರು ಬೆರಳಷ್ಟು ಗಿಡ್ಡಾಗಿದ್ದಾಳೆ, ಮೂಳೆ ಕೇಂದ್ರದ ನೌಕರಿಯವಳು ಎದುರಿಗೆ ನಿಂತು ಕರ್ಜಿಕಾಯಿ ತಿನ್ನುತ್ತಿದ್ದಾಳೆ. ಆ ದಿನ ನೆನೆದರೆ ನನಗೆ ನನ್ನ ಮುಖಕ್ಕೇ ಉಗಿಯಬೇಕೆನಿಸುತ್ತದೆ.

“ಮೂರನೇದು ಕುಸದ್ರ ಉಸಿರಾಡೂದೂ ಕಷ್ಟ ಆಗತೈತಿ,” ಎಂದು ಡಾಕ್ಟರ್ ರೇಷ್ಮಾ ನನ್ನನ್ನು ಹೊರಗೆ ಕರೆದು ಹೇಳಿದರು. “ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡತೀನಿ, ಅಷ್ಟರಿಂದ ಆಗೂದಿಲ್ಲ. ಹಳೇ ಗುಳಿಗಿ ಐತಿ, ನುಂಗಿದ ಮ್ಯಾಲ ಅರ್ಧ ತಾಸು ನೆಟ್ಟಗ ಕುಂದ್ರಬೇಕು. ಇವರಿಗೆ ಕುಂದ್ರಾಕ ಎಲ್ಲಿ ಬರತೈತಿ? ಅಂಕುರ ಬೇಕು, ಅದೂ ಲಗೂನ. ಈ ತಿಂಗಳು ಸಿಕ್ರ ಚಲೋ.”

ಅಂಕುರ ಬೇಕೆಂದರೆ ಯಂತ್ರ ಬರೆದುಕೊಡಬೇಕಿತ್ತು. ಯಂತ್ರದ ಪ್ರಕಾರ ಫಕೀರವ್ವ ಬೆಳೆಯುತ್ತಿದ್ದಳು.

ಹುಬ್ಬಳ್ಳಿಗೆ ಬಂದು ನೇರ ಡಾಕ್ಟರ್ ವಿಶ್ವಂಭರ ಹಂಪಿಹೊಳಿಯವರ ಕೋಣೆಗೆ ಹೋದೆ. ಅವರು ನಮ್ಮ ಕೇಂದ್ರದ ನಿರ್ದೇಶಕರು. ಹೆಸರಿಗೆ ಡಾಕ್ಟರ್, ರೋಗಿಯ ಮೈ ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ಮೂವತ್ತೇಳು ಮುದುಕಿಯರ ಮೂಳೆ ಮದ್ದಿಲ್ಲದೆ ಬೆಳೆಯುತ್ತಿದೆ ಎಂಬುದನ್ನು ಅವರು ಆಗಲೇ ‘ಬ್ಯಾಡಗಿ ಪರಿಣಾಮ’ ಎಂದು ಕರೆದು ಎರಡು ಸಮ್ಮೇಳನಗಳಲ್ಲಿ ಮಾತಾಡಿ ಬಂದಿದ್ದರು. ಮೆಣಸಿನಕಾಯಿಯ ಘಾಟಿನಲ್ಲೇ ಏನೋ ಇದೆ ಎಂಬುದು ಅವರ ಸಿದ್ಧಾಂತ. ಅದರಿಂದ ಗುಳಿಗೆ ಮಾಡುವ ಮಾತೂ ನಡೆದಿತ್ತು. ಆ ಖುಷಿಗೆ ಕಚೇರಿಯಲ್ಲಿ ಧಾರವಾಡ ಪೇಡೆ ಹಂಚಿದ್ದರು, ನಾನೂ ಎರಡು ತಿಂದಿದ್ದೆ.

ನಾನು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ನೋಡ್ರಿ ಮಾದೇವಿ, ಹನ್ನೊಂದನೇ ನಿಯಮ ನಿಮಗೆ ಗೊತ್ತಿದೆ. ಪಟ್ಟಿಯನ್ನು ಬೇರೆಯವರಿಗೆ ಕಟ್ಟಿದರೆ ಅದು ವಂಚನೆ. ನೀವು ಲಿಖಿತ ದೂರು ಕೊಟ್ಟರೆ ಮೂವತ್ತೇಳು ಜನರ ಹೆಸರೂ ಶಾಶ್ವತವಾಗಿ ಹೋಗುತ್ತದೆ. ಅವರಿಗೆ ಇನ್ನು ಎಂದೂ ಅಂಕುರ ಸಿಗುವುದಿಲ್ಲ.”

“ಹೇಳದಿದ್ದರೆ?”

“ಹೇಳದಿದ್ದರೆ ಅವರೆಲ್ಲ ಆರೋಗ್ಯವಾಗಿದ್ದಾರೆ.”

“ಸರ್, ಅವರ ಬೆನ್ನು ಮುರಿದಿದೆ.”

“ಒಬ್ಬರದು. ವಯಸ್ಸಾದವರಿಗೆ ಆಗುವುದೇ. ಮುಂದಿನ ವರ್ಷ ಎರಡನೇ ಹಂತ ಇದೆಯಲ್ಲ, ಆಗ ಹೊಸದಾಗಿ ಹೆಸರು ಹಚ್ಚೋಣ. ಈಗ ಗಲಾಟೆ ಮಾಡಿದರೆ ನಿಮ್ಮ ಚಿಗವ್ವನವರಿಗೇ ಕಳ್ಳಿ ಅನ್ನುವ ಹೆಸರು ಬರುತ್ತದೆ.”

ಮೂವತ್ತು ವರ್ಷ ನೆಲದ ಮೇಲೆ ಕೂತು ದುಡಿದವಳು, ದೀಪ ಆರಬಾರದು ಎಂದದ್ದಕ್ಕೆ ಆರದಂತೆ ನೋಡಿಕೊಂಡವಳು, ಅವಳು ಕಳ್ಳಿ. ಕೂಸಿನ ಮೂಳೆ ನೋಡಿ ಪೇಡೆ ತಿಂದ ನಾವು ವಿಜ್ಞಾನಿಗಳು. ನಾನು ಅವರ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಎತ್ತಿದೆ, ಮತ್ತೆ ಅಲ್ಲೇ ಇಟ್ಟೆ. ಎತ್ತಿ ಒಗೆಯದಿದ್ದುದಕ್ಕೆ ಇವತ್ತಿಗೂ ಪಶ್ಚಾತ್ತಾಪ ಇದೆ.

ಹತ್ತು ದಿನ ರಜೆ ಹಾಕಿ ಬ್ಯಾಡಗಿಗೆ ಹೋದೆ. ಒಬ್ಬೊಬ್ಬರ ಮನೆಗೂ ಹೋಗಿ ಕೂಸಿನ ಕಾಲಿಂದ ಪಟ್ಟಿ ಬಿಚ್ಚಿ ಅಜ್ಜಿಯ ಕಾಲಿಗೆ ಕಟ್ಟಿದೆ. ಪಟ್ಟಿಯ ಮೇಲೆ ಹಳೆಯ ಸೀರೆಯ ಚೂರನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿದೆ, ಖಾರ ಒಳಗೆ ಹೋಗಲಿಲ್ಲ. ಕಾಲು ಸುಡದಿರಲು ಬೇಕಾಗಿದ್ದದ್ದು ಹರಿದ ಸೀರೆಯ ಒಂದು ಚೂರು. ಕೋಟಿಗಟ್ಟಲೆ ಸುರಿದು ಯಂತ್ರ ಮಾಡಿದವರಲ್ಲಿ ಒಬ್ಬರೂ ಒಂದು ದಿನ ಆ ಗೋದಾಮಿನಲ್ಲಿ ಕೂತು ನೋಡಿರಲಿಲ್ಲ.

“ಈಗ ಮದ್ದು ಕೊಡತಾರೇನು?” ಎಂದು ಚಿಗವ್ವ ಕೇಳಿದಳು. ಅವಳಿಗೆ ಬೆನ್ನುಪಟ್ಟಿ ಹಾಕಿದ್ದರು, ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದಳು. ಸೀನು ಬಂದರೆ ಬಗ್ಗಬಾರದು, ಬೆನ್ನು ನೆಟ್ಟಗಿಟ್ಟು ಗೋಡೆಗೆ ಕೈ ಕೊಡಬೇಕು ಎಂದು ಡಾಕ್ಟರ್ ಕಲಿಸಿದ್ದರು. ಬ್ಯಾಡಗಿಯಲ್ಲಿ ಗಾಳಿಗೇ ಖಾರ. ದಿನಕ್ಕೆ ಹತ್ತು ಸಲ ಸೀನು ಬರುತ್ತಿತ್ತು, ಪ್ರತಿ ಸಲವೂ ಮನೆಯವರೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದೆವು.

“ಕೊಡಸ್ತೀನಿ,” ಎಂದೆ.

“ನಿನ್ನ ನೌಕರಿಗೆ ತ್ರಾಸ ಆಗಬಾರದು ಮತ್ತ.”

“ಆ ನೌಕರಿ ಕೊಡಿಸಿದ್ದು ನಿನ್ನ ಬೆನ್ನು,” ಎಂದೆ. ಅವಳು ಗೋಡೆ ಹಿಡಿದು ಮತ್ತೆ ನಾಲ್ಕು ಹೆಜ್ಜೆ ಹಾಕಿದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗಿ ಪರದೆ ತೆರೆದೆ. ಮೂವತ್ತೇಳು ಸಾಲೂ ಹಳದಿಯಾಗಿದ್ದುವು. ಲೆಕ್ಕಕ್ಕೆ ಬರುವಂತೆ ಮೊದಲ ಸಲ ಆ ಹೆಂಗಸರ ನಿಜವಾದ ಮೂಳೆಯ ಅಳತೆ ಯಂತ್ರಕ್ಕೆ ಸಿಕ್ಕಿತ್ತು. ಪ್ರತಿಯೊಂದರ ಪಕ್ಕದಲ್ಲೂ ಒಂದೇ ಮಾತು ಬರೆದಿತ್ತು: “ಅಳತೆ ನಂಬಲರ್ಹವಲ್ಲ. ಹಿಂದಿನ ದಾಖಲೆಗೆ ಹೊಂದುವುದಿಲ್ಲ. ತಳ್ಳಿಹಾಕಲು ಶಿಫಾರಸು.”

ಹದಿಮೂರು ತಿಂಗಳು ಸುಳ್ಳನ್ನು ಮರುಮಾತಿಲ್ಲದೆ ನುಂಗಿದ ಯಂತ್ರ ನಿಜ ಎದುರು ಬಂದ ಕೂಡಲೇ ಮುಖ ಕಿವುಚಿತ್ತು. ಆದರೆ ತಳ್ಳಿಹಾಕಲು ಅದಕ್ಕೆ ಮನುಷ್ಯರೊಬ್ಬರ ಒಪ್ಪಿಗೆ ಬೇಕು, ನಿಯಮ ಹಾಗಿದೆ. ಆ ಒಪ್ಪಿಗೆ ಕೊಡಬೇಕಾದವಳು ನಾನು. ನನ್ನ ಮುಂದೆ ಎರಡು ಗುಂಡಿ ಇದ್ದುವು, ‘ತಳ್ಳಿಹಾಕು’ ಮತ್ತು ‘ಸ್ವೀಕರಿಸು’. ಕೇಂದ್ರ ಶುರುವಾದಾಗಿನಿಂದ ಎರಡನೆಯದನ್ನು ಯಾರೂ ಒತ್ತಿರಲಿಲ್ಲ.

ಮೊದಲು ಫಕೀರವ್ವನ ಸಾಲಿಗೆ ಒತ್ತಿದೆ. ಯಂತ್ರ “ಖಚಿತವೇ?” ಎಂದು ಕೇಳಿತು. ಹೌದು ಎಂದೆ. “ಕಾರಣ?” ಎಂದು ಕೇಳಿತು. “ನಾನು ಕಣ್ಣಾರೆ ನೋಡಿದ್ದೇನೆ” ಎಂದು ಬರೆದೆ. ಸಾಲು ಕೆಂಪಾಯಿತು, ಪಕ್ಕದಲ್ಲಿ “ತೀವ್ರ. ಅಂಕುರ ಕೂಡಲೇ” ಎಂದು ಮೂಡಿತು. ಉಳಿದ ಮೂವತ್ತಾರಕ್ಕೂ ಹಾಗೇ ಒತ್ತಿದೆ, ಪ್ರತಿಯೊಂದಕ್ಕೂ ಅದೇ ಕಾರಣ ಬರೆದೆ. ಹಿಂದೆ ಚಹಾ ಕುಡಿಯುತ್ತಾ ಒತ್ತಿದ್ದೆ, ಈ ಸಲ ಒಂದೊಂದು ಹೆಸರನ್ನೂ ಬಾಯಿಬಿಟ್ಟು ಓದಿ ಒತ್ತಿದೆ. ಮದ್ದು ಕಳಿಸುವ ಆದೇಶ ತಾನೇ ಹೊರಟುಹೋಯಿತು. ಮೂರನೆಯ ದಿನ ಬೆಳಿಗ್ಗೆ ಮಂಜುಗಡ್ಡೆಯ ಪೆಟ್ಟಿಗೆ ಬ್ಯಾಡಗಿ ಆಸ್ಪತ್ರೆಗೆ ಬಂತು.

ಕೇಂದ್ರಕ್ಕೆ ಗೊತ್ತಾದದ್ದು ಅದೇ ದಿನ. ಹತ್ತು ಗಂಟೆಗೆ ಹಂಪಿಹೊಳಿಯವರು ಡಾಕ್ಟರ್ ರೇಷ್ಮಾ ಅವರಿಗೆ ಫೋನು ಮಾಡಿ ಪೆಟ್ಟಿಗೆ ತೆರೆಯಬೇಡಿ, ವಾಪಸು ಕಳಿಸಿ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೆಂಗಸರೆಲ್ಲ ಆಸ್ಪತ್ರೆಯ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದರು.

“ಒಂಬತ್ತಕ್ಕ ಎಲ್ಲಾರಿಗೂ ಹಾಕಿ ಮುಗಿಸೀನ್ರಿ, ಸರ್,” ಎಂದರು ಡಾಕ್ಟರ್ ರೇಷ್ಮಾ. “ಶುರು ಮಾಡಿದ ಮ್ಯಾಲ ನಡುವ ನಿಲ್ಲಿಸಿದ್ರ ಇದ್ದ ಮೂಳಿನೂ ಹೋಗತೈತಿ ಅಂತ ನಿಮ್ಮ ಪುಸ್ತಕದಾಗ ನೀವೇ ಬರದೀರಿ. ಉಳಿದ ಹನ್ನೊಂದು ಸರತಿನೂ ಕಳಸ್ರಿ. ಕಳಸಲಿಲ್ಲಂದ್ರ ಯಾಕ ಕಳಸಲಿಲ್ಲ ಅನ್ನೂದನ್ನ ಕಾಗದದಾಗ ಬರದು ಕೊಡ್ರಿ, ನಾ ಆಸ್ಪತ್ರಿ ಬಾಗಲಿಗೆ ಹಚ್ಚತೀನಿ.”

ಫೋನು ಇಟ್ಟು ಪೆಟ್ಟಿಗೆಯ ಮುಚ್ಚಳ ತೆಗೆದರು. ಆಗಿನ್ನೂ ಒಬ್ಬರಿಗೂ ಹಾಕಿರಲಿಲ್ಲ. “ಮೊದಲ ನಿಮ್ಮ ಚಿಗವ್ವನ್ನ ಕರಕೊಂಡು ಬರ್ರಿ, ಲಗೂ,” ಎಂದು ನನಗೆ ಹೇಳಿದರು.

ವಿಚಾರಣೆ ನಡೆಯಿತು. ಉದ್ದನೆಯ ಮೇಜು, ಆಚೆ ಐದು ಜನ. ಯಂತ್ರದ ಶಿಫಾರಸು ಮೀರಿದ್ದೇಕೆ ಎಂದು ಕೇಳಿದರು.

“ಯಂತ್ರಕ್ಕೆ ಏನೂ ಗೊತ್ತಿರಲಿಲ್ಲ, ಅದಕ್ಕೆ,” ಎಂದೆ. “ಆ ಹೆಂಗಸರು ಮನೆಯಲ್ಲಿ ದೀಪ ಹಚ್ಚಲು ಏನು ಹತ್ತಿ ನಿಲ್ಲುತ್ತಾರೆ ಅಂತ ಒಬ್ಬರಾದರೂ ಕೇಳಿದ್ದರೆ ಸಾಕಾಗಿತ್ತು. ನೀವು ಕೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನನ್ನು ತೆಗೆದುಹಾಕಿ, ತಪ್ಪಿಲ್ಲ. ಆದರೆ ಮೂವತ್ತೇಳು ಸಲ ‘ಹೌದು’ ಒತ್ತಿದ್ದಕ್ಕೆ ತೆಗೆಯಿರಿ, ‘ಸ್ವೀಕರಿಸು’ ಒತ್ತಿದ್ದಕ್ಕಲ್ಲ. ಕಾಗದದಲ್ಲಿ ಹಾಗೇ ಬರೆಯಿರಿ.”

ಹಾಗೆ ಬರೆಯಲಿಲ್ಲ. ಶಿಸ್ತಿನ ಉಲ್ಲಂಘನೆ ಎಂದು ಬರೆದು ತೆಗೆದುಹಾಕಿದರು. ಹನ್ನೊಂದು ಸರತಿಯೂ ಬಂದುವು, ಏಕೆಂದರೆ ನಿಲ್ಲಿಸಲು ಕಾರಣ ಬರೆದುಕೊಡುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಪಟ್ಟಿ ಬಿಚ್ಚಿ ಒಗೆದ ಐವತ್ಮೂರು ಹೆಂಗಸರಿಗೆ ಮಾತ್ರ ಇವತ್ತಿಗೂ ಏನೂ ಸಿಕ್ಕಿಲ್ಲ. ಕಾಲು ಅವರದೂ ಸುಟ್ಟಿತ್ತು, ಕಟ್ಟಲು ಮನೆಯಲ್ಲಿ ಕೂಸು ಇರಲಿಲ್ಲ ಅಷ್ಟೇ. ಈಗ ನಾನು ಡಾಕ್ಟರ್ ರೇಷ್ಮಾ ಅವರ ಆಸ್ಪತ್ರೆಯಲ್ಲಿ ಕೂತು ಆ ಹೆಂಗಸರ ಅರ್ಜಿ ಬರೆಯುತ್ತೇನೆ. ಬರೆದದ್ದು ತಿರುಗಿ ಬರುತ್ತದೆ, ಮತ್ತೆ ಬರೆಯುತ್ತೇನೆ.

ಚಿಗವ್ವನ ಮೂರನೆಯ ಮೂಳೆ ಕುಸಿಯಲಿಲ್ಲ. ಹನ್ನೆರಡನೆಯ ಚುಚ್ಚುಮದ್ದಿನ ಹೊತ್ತಿಗೆ ಅವಳು ಬೆನ್ನುಪಟ್ಟಿ ಇಲ್ಲದೆ ಓಣಿಯ ತುದಿವರೆಗೆ ನಡೆದು ಬರುತ್ತಿದ್ದಳು. ಕುಸಿದ ಎರಡು ಮೂಳೆ ಮಾತ್ರ ಮೇಲೇಳುವುದಿಲ್ಲ, ಹೋದ ಎತ್ತರ ಯಾವ ಮದ್ದಿಗೂ ತಿರುಗಿ ಬರುವುದಿಲ್ಲ. ಮಣೆ ಹತ್ತುವುದು ಬೇಡವೆಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರಿಂದ ಈ ದೀಪಾವಳಿಗೆ ಮುಂಚೆ ಗೌಂಡಿಯನ್ನು ಕರೆಸಿದೆ. ಹಳೆಯದನ್ನು ಮುಚ್ಚಿ ಅವಳ ಕೈಗೆ ಸಿಗುವಷ್ಟು ಕೆಳಗೆ ಹೊಸ ಮಾಡ ಕೊರೆಯಲು ಹೇಳಿದೆ. ಅವನು ಕೊರೆದ. ಹಳೆಯದಕ್ಕೆ ಇಟ್ಟಿಗೆ ಇಡಲು ಹೋದಾಗ ಚಿಗವ್ವ ಅಡ್ಡ ಬಂದಳು.

“ಅದನ್ನ ಮುಚ್ಚಬ್ಯಾಡ,” ಎಂದಳು.

“ಯಾಕ ಚಿಗವ್ವಾ, ಇನ್ನ ಅದರಾಗ ಯಾರು ದೀಪ ಹಚ್ಚವರು?”

ಅವಳು ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. ಅವಳ ನೆತ್ತಿಗೂ ಹಳೆಯ ಮಾಡಕ್ಕೂ ನಡುವೆ ಗೋಡೆ ಬರಿದಾಗಿ ಕಾಣುತ್ತಿತ್ತು.

“ಯಾರೂ ಹಚ್ಚೂದು ಬ್ಯಾಡ. ಹಂಗ ಇರಲಿ,” ಎಂದಳು. “ನಿಮ್ಮ ಕೇಂದ್ರದವರು ಯಾರಾದ್ರೂ ಒಂದು ದಿನ ಬಂದ್ರ, ಇಲ್ಲೇ ನಿಲ್ಲಿಸಿ ತೋರಸ್ತೀನಿ. ನಾ ಅಷ್ಟು ಎತ್ತರ ಇದ್ದೆ.”